ದಣಿವನ್ನು ಅರಿತ ಆಟ



ಕಂಪ್ಯೂಟರ್ ಆಟಗಳೆಂದರೆ ಮಕ್ಕಳ ವಿದ್ಯೆಗೆ ಬಂದೊದಗಿದ ವಿಘ್ನವೆಂದೇ ನಮ್ಮ ಮನೆಗಳ ಹಿರಿಯರು ಭಾವಿಸುವುದುಂಟು. ನಾನೂ ಹಾಗೆ ಭಾವಿಸಿದವನೇ. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನು, "ನೋಡದೆಯೇ ತೀರ್ಪು ಕೊಡಬಹುದೇ, ಅಜ್ಜಾ?" ಎಂದು ಕೇಳಿದನು. ಉತ್ತರ ಹೊಳೆಯದೆ ಅವನ ಪಕ್ಕದಲ್ಲಿ ಕುಳಿತೆನು. ಹಲವು ಸಂಜೆಗಳಲ್ಲಿ ಕಂಡ ಗುಣದೋಷಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆಟದ ಹೆಸರು 'ಎಕ್ಸ್‌ಕಾಮ್ 2'. ಅಮೆರಿಕೆಯ ಫಿರಾಕ್ಸಿಸ್ ಸಂಸ್ಥೆಯು 2016ರಲ್ಲಿ ಇದನ್ನು ಹೊರತಂದಿತು. ಅನ್ಯಗ್ರಹದ ಜೀವಿಗಳು ಭೂಮಿಯನ್ನು ಗೆದ್ದು ಇಪ್ಪತ್ತು ವರ್ಷಗಳಾಗಿವೆ. ಅಳಿದುಳಿದ ಕೆಲವರು ಮರೆಯಲ್ಲಿದ್ದು ಹೋರಾಡುತ್ತಿದ್ದಾರೆ. ಆಡುವವನೇ ಅವರ ದಳಪತಿ. ನಾಲ್ಕಾರು ಯೋಧರನ್ನು ಕಣಕ್ಕೆ ಕಳುಹಿಸಿ, ಚದುರಂಗದಂತೆ ಸರದಿಯ ಮೇಲೆ ನಡೆಸಬೇಕು. ಮಡಿದವನು ಮರಳಿ ಬರುವುದಿಲ್ಲ. ಇದಕ್ಕೆ 2017ರ ಆಗಸ್ಟಿನಲ್ಲಿ 'ವಾರ್ ಆಫ್ ದ ಚೋಸನ್' ಎಂಬ ವಿಸ್ತರಣೆಯು ಬಂದಿತು. ಮೂಲ ಆಟವಿಲ್ಲದೆ ಇದು ನಡೆಯದು. ಮೂಲಗ್ರಂಥಕ್ಕೆ ಬರೆದ ಟೀಕೆಯಂತೆ ಇದೆಯೆನ್ನಬಹುದು. ಟೀಕೆಯು ಮೂಲವನ್ನು ಬೆಳಗಿಸಲೂಬಹುದು, ಮುಚ್ಚಲೂಬಹುದು. ಇಲ್ಲಿ ಎರಡೂ ನಡೆದಿವೆ.

ಮೊದಲು ಗುಣವನ್ನು ಹೇಳುತ್ತೇನೆ. ಚದುರಂಗದ ಕಾಲಾಳು ಎಂದಿಗೂ ದಣಿಯುವುದಿಲ್ಲ. ಮೂಲ ಆಟದಲ್ಲಿಯೂ ಗಾಯವಾಗದ ಯೋಧನನ್ನು ಮರುದಿನವೇ ಮತ್ತೆ ಕಳುಹಿಸಬಹುದಿತ್ತು. ವಿಸ್ತರಣೆಯಲ್ಲಾದರೋ ಯುದ್ಧದಿಂದ ಯುದ್ಧಕ್ಕೆ ಯೋಧನ ಮನೋಬಲವು ಕುಂದುತ್ತದೆ. ದಣಿದವನನ್ನು ವಿಶ್ರಾಂತಿಯಿಲ್ಲದೆ ಮತ್ತೆ ನೂಕಿದರೆ ಅವನ ಮನಸ್ಸಿನಲ್ಲಿ ಭಯವು ಮನೆಮಾಡುತ್ತದೆ. ಯಾವುದೋ ಒಂದು ಬಗೆಯ ಶತ್ರುವನ್ನು ಕಂಡರೆ ನಡುಗುವ ಸ್ವಭಾವವು ಅಂಟಿಕೊಳ್ಳುತ್ತದೆ. ಅದನ್ನು ನೀಗಲು ಚಿಕಿತ್ಸಾಲಯದಲ್ಲಿ ದಿನಗಳನ್ನು ಕಳೆಯಬೇಕಾಗುತ್ತದೆ. ಆದುದರಿಂದ ದಳಪತಿಯು ನಾಲ್ವರು ಶೂರರನ್ನೇ ನೆಚ್ಚಿ ಕೂರುವಂತಿಲ್ಲ. ಹೊಸಬರನ್ನೂ ಕಳುಹಿಸಬೇಕು, ಅವರು ತಪ್ಪಿದರೆ ಸಹಿಸಬೇಕು, ಕಲಿಸಬೇಕು.

ಇದನ್ನು ಕಂಡಾಗ ನನಗೆ ಹಳೆಯದೊಂದು ನೆನಪು ಮರುಕಳಿಸಿತು. ನಾನು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ದಾಸೋಹದ ಅಡುಗೆಮನೆಯಲ್ಲಿ ಹಿರಿಯರೊಬ್ಬರಿದ್ದರು. ಯಾವ ಕೆಲಸಕ್ಕೂ ಇಲ್ಲವೆಂದವರಲ್ಲ. ಆದ್ದರಿಂದ ಎಲ್ಲ ಕೆಲಸಕ್ಕೂ ಅವರನ್ನೇ ಕರೆಯುತ್ತಿದ್ದೆವು. ಜಾತ್ರೆಯ ಮೂರನೆಯ ದಿನ ಅವರು ಒಲೆಯ ಮುಂದೆಯೇ ಕುಸಿದರು. ಕಾಯಕದ ಹಿರಿಮೆಯನ್ನು ದಿನವೂ ಕೊಂಡಾಡುತ್ತಿದ್ದ ನಮ್ಮಲ್ಲಿ ಒಬ್ಬನಾದರೂ, "ಅಯ್ಯಾ, ಇಂದು ನೀವು ಕುಳಿತುಕೊಳ್ಳಿ, ಸೌಟನ್ನು ನನಗೆ ಕೊಡಿ" ಎಂದಿರಲಿಲ್ಲ.

ಎರಡನೆಯ ಗುಣವು ಸಖ್ಯ. ಜೊತೆಯಾಗಿ ಹೋರಾಡಿದ ಇಬ್ಬರಲ್ಲಿ ಸ್ನೇಹ ಬೆಳೆಯುತ್ತದೆ. ಬೆಳೆದಾಗ ಒಬ್ಬನು ತನ್ನ ಸರದಿಯ ಅವಕಾಶದಿಂದ ಮತ್ತೊಬ್ಬನಿಗೆ ಇನ್ನೊಂದು ನಡೆಯನ್ನು ಕೊಡಬಲ್ಲನು. ಮೂರನೆಯ ಗುಣವು ಕಥೆಯಲ್ಲಿದೆ. ರೀಪರ್, ಸ್ಕರ್ಮಿಷರ್, ಟೆಂಪ್ಲರ್ ಎಂಬ ಮೂರು ಪಂಗಡಗಳು ಒಂದೇ ಶತ್ರುವಿನೊಡನೆ ಕಾದುತ್ತಿದ್ದರೂ ಪರಸ್ಪರ ನಂಬುವುದಿಲ್ಲ. ಸ್ಕರ್ಮಿಷರ್‌ಗಳಂತೂ ಹಿಂದೆ ಶತ್ರುವಿನ ಸೈನಿಕರೇ ಆಗಿದ್ದು ದಾಸ್ಯವನ್ನು ಹರಿದುಕೊಂಡು ಬಂದವರು. ಈ ಮೂವರನ್ನೂ ಒಂದುಗೂಡಿಸುವುದು ದಳಪತಿಯ ಕರ್ತವ್ಯ. ಒಳಪಂಗಡಗಳ ಲೆಕ್ಕದಲ್ಲಿ ಮುಳುಗಿರುವ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಇನ್ನು ದೋಷಗಳು. ಮೊದಲನೆಯದು ಅತಿಯಾದ ತುಂಬುವಿಕೆ. ಹೊಸ ಪಂಗಡಗಳು, ಗುಪ್ತಕಾರ್ಯಗಳು, ಪಾಳುನಗರಗಳಲ್ಲಿ ಹಿಂಡುಹಿಂಡಾಗಿ ಬರುವ 'ಲಾಸ್ಟ್' ಎಂಬ ವಿಕೃತ ಜೀವಿಗಳು, ಇವೆಲ್ಲವೂ ಆರಂಭದಲ್ಲಿಯೇ ಮೇಲೆ ಬೀಳುತ್ತವೆ. ಹೊಸದಾಗಿ ಆಡುವವನಿಗೆ ಮೂಲ ಯಾವುದು, ಟೀಕೆ ಯಾವುದೆಂದು ತಿಳಿಯದು. ಎರಡನೆಯದು, ಪಂಗಡಗಳಿಂದ ಬರುವ ವೀರರ ಅಪಾರ ಸಾಮರ್ಥ್ಯ. ಅವರ ಮುಂದೆ ಸಾಮಾನ್ಯ ಯೋಧನು ಮಂಕಾಗುತ್ತಾನೆ; ಎಲ್ಲರನ್ನೂ ಬೆಳೆಸಬೇಕೆಂದು ಕಲಿಸಿದ ಆಟವೇ ಕೆಲವರನ್ನು ನೆಚ್ಚುವ ಆಸೆಯನ್ನು ಹುಟ್ಟಿಸುತ್ತದೆ. ಮೂರನೆಯದು, 'ಚೋಸನ್' ಎಂಬ ಮೂವರು ಪ್ರತಿನಾಯಕರ ಆತ್ಮಪ್ರಶಂಸೆ. ಅವರ ಬಲಾಬಲಗಳು ಪ್ರತಿ ಆಟದಲ್ಲಿಯೂ ಬದಲಾಗುವುದು ಜಾಣ್ಮೆಯೇ ಸರಿ. ಆದರೆ ಸೋತು ಹೋದವರು ಮತ್ತೆ ಮತ್ತೆ ಬಂದು ಅದೇ ಬಡಾಯಿಯನ್ನು ಕೊಚ್ಚುವುದು ಬೇಸರ ತರುತ್ತದೆ. ಇಡೀ ಆಟವು ಕೊಲ್ಲುವ ಆಟವೆಂಬುದನ್ನೂ ಮರೆಮಾಚಲಾರೆನು. ಚಿಕ್ಕಮಕ್ಕಳ ಕೈಗೆ ಇದು ಸಲ್ಲದು. ಬೆಳೆದವರಿಗೂ ಕಾಲಮಿತಿ ಬೇಕು.

ಕೊನೆಯ ಸಂಜೆ ಮೊಮ್ಮಗನು ತನ್ನ ಮೆಚ್ಚಿನ ಯೋಧೆಯ ಹೆಸರಿನ ಮುಂದೆ ದಣಿವಿನ ಗುರುತನ್ನು ಕಂಡು, ಗೆಲುವು ಅನುಮಾನವೆಂದು ತಿಳಿದಿದ್ದರೂ ಅವಳನ್ನು ಬಿಟ್ಟು ಹೊಸಬನೊಬ್ಬನನ್ನು ಆರಿಸಿದನು. ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆಯು ಊಟಕ್ಕೆ ಕರೆದಳು. ಬೆಳಗಿನಿಂದ ಅವಳು ಕುಳಿತದ್ದನ್ನು ನಾವಿಬ್ಬರೂ ಕಂಡಿರಲಿಲ್ಲ. ಅಂದು ಬಡಿಸುವ ಕೆಲಸವನ್ನು ಅಜ್ಜ ಮೊಮ್ಮಗ ಸೇರಿ ಮಾಡಿದೆವು. ಪ್ರತಿ ಮನೆಯಲ್ಲಿಯೂ ಇಲ್ಲವೆನ್ನಲಾರದ ಒಂದು ಜೀವವಿರುತ್ತದೆ. ಆ ಜೀವದ ಹೆಸರಿನ ಮುಂದೆ ಯಾವ ಗುರುತೂ ಮೂಡುವುದಿಲ್ಲ. ನಾವೇ ನೋಡಿ ತಿಳಿಯಬೇಕು.