ಸೇನೆಗೆ ಹೊರಟ ಹುಡುಗನ ಬೆನ್ನಿಗೆ ಮರಳಿನ ಚೀಲ ಯಾಕೆ?

ಸುಬ್‌ಹಿ ನಮಾಝ್ ಮುಗಿದ ಮೇಲೆ ಶಾಲೆಯ ಮೈದಾನದಲ್ಲಿ, ಕಡಲ ಬದಿಯಲ್ಲಿ, ಗುಡ್ಡದ ರಸ್ತೆಯಲ್ಲಿ ಓಡುವ ಹುಡುಗರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಪಿಯುಸಿ ಮುಗಿದ ಕೂಡಲೇ ಪಾಸ್‌ಪೋರ್ಟ್ ಮಾಡಿಸಿ ಗಲ್ಫ್‌ಗೆ ಹೋಗುವುದೊಂದೇ ದಾರಿ ಎಂದು ನಂಬಿದ್ದ ನಮ್ಮ ಮನೆಗಳಲ್ಲಿ ಒಬ್ಬ ಹುಡುಗ 'ನಾನು ಮಿಲಿಟರಿಗೆ ಟ್ರೈ ಮಾಡ್ತೇನೆ' ಎಂದರೆ ಅದು ಸಂತೋಷದ ವಿಷಯವೇ. ಆದರೆ ಆ ಹುಡುಗರಲ್ಲಿ ಕೆಲವರ ಬೆನ್ನ ಮೇಲೆ ಹಳೆಯ ಶಾಲಾ ಬ್ಯಾಗ್, ಅದರೊಳಗೆ ಮರಳು ಅಥವಾ ಇಟ್ಟಿಗೆ. ಮೊಬೈಲ್‌ನಲ್ಲಿ ವಿದೇಶಿ ಕಮಾಂಡೋಗಳ ವೀಡಿಯೊ ನೋಡಿ ಶುರು ಮಾಡಿದ್ದು. ಹದಿನೈದು ಕಿಲೋ ಹೊತ್ತು ಓಡಿ ಅಭ್ಯಾಸವಾದರೆ ಭಾರವಿಲ್ಲದೆ ಹಾರಿಕೊಂಡು ಹೋಗಬಹುದು ಎಂಬ ಲೆಕ್ಕ. ಈ ಲೆಕ್ಕ ತಪ್ಪು ಎಂದು ಹೇಳಲಿಕ್ಕೇ ಈ ಬರಹ.

ಮೊದಲು ಸೇನೆ ಏನು ಕೇಳುತ್ತದೆ ಎಂದು ನೋಡೋಣ. ಅಗ್ನಿವೀರ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಭಾರದ ಚೀಲವೇ ಇಲ್ಲ. ಅಲ್ಲಿರುವುದು 1.6 ಕಿಲೋಮೀಟರ್ ಓಟ. ಅದನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಮತ್ತೆ ಕಂಬಿಗೆ ಜೋತುಬಿದ್ದು ಮೇಲೇರುವ ಪುಲ್ ಅಪ್, 10 ಬಾರಿ ಮಾಡಿದರೆ 40 ಅಂಕ. ಒಂಬತ್ತು ಅಡಿ ಅಗಲದ ಹೊಂಡ ಹಾರಬೇಕು, ಅಂಕುಡೊಂಕಾದ ಕಂಬಿಯ ಮೇಲೆ ಬ್ಯಾಲೆನ್ಸ್ ತಪ್ಪದೆ ನಡೆಯಬೇಕು. ಇಷ್ಟೇ. ಇದರಲ್ಲಿ ಗೆಲ್ಲಲು ಬೇಕಾದದ್ದು ವೇಗ, ದಮ್ಮು ಮತ್ತು ತೋಳಿನ ಬಲ. ಭಾರ ಹೊತ್ತು ಓಡುವವನ ಹೆಜ್ಜೆ ಗಿಡ್ಡವಾಗುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ, ವೇಗ ಇಳಿಯುತ್ತದೆ. ದಿನಾ ನಿಧಾನ ಓಡಿ ಅಭ್ಯಾಸ ಮಾಡಿದವನಿಗೆ ರ‍್ಯಾಲಿಯ ದಿನ ಏಕಾಏಕಿ ವೇಗ ಎಲ್ಲಿಂದ ಬರಬೇಕು?

ಹಾಗಾದರೆ ಸೈನಿಕರಿಗೆ ಭಾರ ಹೊರಲಿಕ್ಕೆ ಇಲ್ಲವೇ? ಖಂಡಿತ ಉಂಟು. ನಮ್ಮ ಸೇನೆಯಲ್ಲಿ ಸೇವೆಯಲ್ಲಿರುವ ಸೈನಿಕರಿಗೆ ಇರುವ ಯುದ್ಧ ಸಾಮರ್ಥ್ಯದ ಪರೀಕ್ಷೆಯಲ್ಲಿ ರೈಫಲ್ ಮತ್ತು ಸಾಮಾನು ಸಮೇತ 5 ಕಿಲೋಮೀಟರ್ ಓಡಬೇಕು. ಅಮೆರಿಕದ ಸೇನೆಯಲ್ಲಿ ಪರಿಣತ ಪದಾತಿ ಸೈನಿಕನ ಬ್ಯಾಡ್ಜ್ ಬೇಕಾದರೆ ಸುಮಾರು 16 ಕಿಲೋ ಹೊತ್ತು ಮೂರು ಗಂಟೆಯೊಳಗೆ 19 ಕಿಲೋಮೀಟರ್ ಕ್ರಮಿಸಬೇಕು. ಆದರೆ ಇದೆಲ್ಲ ಆಯ್ಕೆಯಾದ ಮೇಲಿನ ಮಾತು. ತರಬೇತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಹಂತ ಹಂತವಾಗಿ, ಸರಿಯಾದ ಬೂಟು, ಸೊಂಟದ ಪಟ್ಟಿ ಇರುವ ಚೀಲ, ಹೊಟ್ಟೆ ತುಂಬ ಊಟ, ಪಕ್ಕದಲ್ಲೇ ವೈದ್ಯರು ಇರುವಾಗ ಅದನ್ನು ಕಲಿಸುತ್ತಾರೆ. ಚಪ್ಪಟೆ ಅಡಿಯ ಅಗ್ಗದ ಶೂ ಹಾಕಿ ಕಾಂಕ್ರೀಟ್ ರಸ್ತೆಯಲ್ಲಿ ಓಡುವ ಹುಡುಗನಿಗೆ ಇದರಲ್ಲಿ ಒಂದೂ ಇಲ್ಲ.

ಭಾರ ಹೊತ್ತ ಕಾಲಿಗೆ ಏನಾಗುತ್ತದೆ ಎಂಬುದು ಹೊಸ ಸಂಗತಿಯಲ್ಲ. 1855ರಲ್ಲೇ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ, ದೂರ ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟ. ಎಕ್ಸ್‌ರೇ ಬಂದ ಮೇಲೆ ಅದು ಪಾದದ ಮೂಳೆಯ ಬಿರುಕು ಎಂದು ಗೊತ್ತಾಯಿತು. ಇವತ್ತಿಗೂ ಅದಕ್ಕೆ 'ಮಾರ್ಚ್ ಫ್ರಾಕ್ಚರ್' ಎಂದೇ ಹೆಸರು. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಹೊರೆ ಕಾಲಿಗೆ ಬೀಳುತ್ತದೆ. ಅದಕ್ಕೆ ಇಟ್ಟಿಗೆಯ ಭಾರವೂ ಸೇರಿದರೆ? ದಮ್ಮು ಕೆಲವೇ ವಾರಗಳಲ್ಲಿ ಹೆಚ್ಚಾಗುತ್ತದೆ, ಸ್ನಾಯುವೂ ಬೇಗ ಒಗ್ಗಿಕೊಳ್ಳುತ್ತದೆ. ಮೂಳೆ ಹಾಗಲ್ಲ, ಅದಕ್ಕೆ ತಿಂಗಳುಗಳು ಬೇಕು. ಅದು ಗಟ್ಟಿಯಾಗುವ ಮೊದಲು ಹಳೆಯ ಭಾಗ ಕರಗಿ ಸ್ವಲ್ಪ ಕಾಲ ಬಲ ಕಡಿಮೆಯೇ ಆಗುತ್ತದೆ. 'ಈಗ ಚೆನ್ನಾಗಿ ಓಡ್ತಾ ಇದ್ದೇನೆ' ಎಂದು ಹುಡುಗ ಹುಮ್ಮಸ್ಸಿನಲ್ಲಿ ಭಾರ ಏರಿಸುವ ಹೊತ್ತಿಗೇ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಿಡುವುದು ಹೀಗೆ. ತೆಳು ಪಟ್ಟಿಯ ಚೀಲ ಭುಜದ ನರ ಒತ್ತಿ ಕೈ ಮರಗಟ್ಟುವುದೂ ಉಂಟು.

ನಮ್ಮ ಕರಾವಳಿಯ ಸೆಖೆಯನ್ನೂ ಮರೆಯಬಾರದು. 2013ರ ಜುಲೈಯಲ್ಲಿ ಬ್ರಿಟನ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ವಿಶೇಷ ಪಡೆಯ ಆಯ್ಕೆಗೆಂದು ಭಾರ ಹೊತ್ತು ಸುಮಾರು 26 ಕಿಲೋಮೀಟರ್ ನಡಿಗೆಗೆ ಹೊರಟವರಲ್ಲಿ ಮೂವರು ಬಿಸಿಲಿನ ಝಳಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರು ಮೊದಲೇ ತರಬೇತಿ ಪಡೆದಿದ್ದ ಸೈನಿಕರು. ನಮ್ಮಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೆಳಗ್ಗೆ ಎಂಟು ಗಂಟೆಗೇ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಉಪವಾಸದ ಹಗಲಿನಲ್ಲಂತೂ ಚೀಲ ಮುಟ್ಟಲೇಬಾರದು. ಆ ತಿಂಗಳು ಇಫ್ತಾರ್ ಆದ ಮೇಲೆ ಹಗುರ ವ್ಯಾಯಾಮ ಮಾಡಿದರೆ ಸಾಕು.

'ನಮ್ಮ ಅಜ್ಜಂದಿರು ಬಂದರಿನಲ್ಲಿ ಅಕ್ಕಿ ಮೂಟೆ ಹೊರಲಿಲ್ಲವೇ? ಅವರಿಗೆ ಏನಾಯಿತು?' ಎಂದು ಕೇಳುವವರಿದ್ದಾರೆ. ಹೊತ್ತಿದ್ದಾರೆ, ಅದು ನಮ್ಮ ಹೆಮ್ಮೆ. ಆದರೆ ಅವರು ಸಣ್ಣ ಪ್ರಾಯದಿಂದಲೇ ಸ್ವಲ್ಪ ಸ್ವಲ್ಪವಾಗಿ ಭಾರಕ್ಕೆ ಒಗ್ಗಿಕೊಂಡವರು, ಲಾರಿಯಿಂದ ಗೋದಾಮಿಗೆ ನಾಲ್ಕು ಹೆಜ್ಜೆ ಹೊತ್ತವರು. ಐದು ಕಿಲೋಮೀಟರ್ ಓಡಿದವರಲ್ಲ. ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಅವರಲ್ಲಿ ಎಷ್ಟೋ ಮಂದಿಯ ಸೊಂಟ ಮತ್ತು ಮೊಣಕಾಲಿನಲ್ಲಿದೆ. ಅಜ್ಜ ಹೊಟ್ಟೆಪಾಡಿಗಾಗಿ ಬೇರೆ ದಾರಿಯಿಲ್ಲದೆ ಹೊತ್ತದ್ದನ್ನು ಮೊಮ್ಮಗ ವೀಡಿಯೊ ನೋಡಿ ಹೊರಬೇಕಾಗಿಲ್ಲ.

ಇಲ್ಲಿ ನಷ್ಟವಾಗುವುದು ಬರೇ ಆರೋಗ್ಯವಲ್ಲ, ಸಮಯ. ಅಗ್ನಿಪಥ್ ಯೋಜನೆ 2022ರ ಜೂನ್‌ನಲ್ಲಿ ಪ್ರಕಟವಾದಾಗ ನಿಗದಿಪಡಿಸಿದ ವಯಸ್ಸು ಹದಿನೇಳೂವರೆಯಿಂದ 21. ಅಂದರೆ ಒಬ್ಬ ಹುಡುಗನಿಗೆ ಸಿಗುವುದು ಮೂರೋ ನಾಲ್ಕೋ ಅವಕಾಶ. ಮೂಳೆಯ ಬಿರುಕಿನಿಂದ ಎರಡು ಮೂರು ತಿಂಗಳು ಮನೆಯಲ್ಲಿ ಕೂತರೆ ಅದರಲ್ಲಿ ಒಂದು ಹೋಯಿತು. ನಾಲ್ಕು ವರ್ಷದ ಸೇವೆ, ಅದರ ನಂತರ ಹೆಚ್ಚೆಂದರೆ ನೂರಕ್ಕೆ 25 ಮಂದಿಗೆ ಮುಂದುವರಿಕೆ ಎಂಬ ನಿಯಮ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ, ಮನೆಯಲ್ಲಿ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಆದರೆ ಹೋಗುತ್ತೇನೆಂದು ತೀರ್ಮಾನಿಸಿದ ಹುಡುಗ ಇಟ್ಟಿಗೆಯ ಚೀಲದಿಂದಾಗಿ ಸೋಲಬಾರದು.

ನಿಜವಾಗಿ ಹೆಚ್ಚಿನ ಗಮನ ಬೇಕಾದದ್ದು ಬೇರೆ ಕಡೆ. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗಷ್ಟೇ ರ‍್ಯಾಲಿ. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ತಾರ್ಕಿಕ ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತ. ಹತ್ತನೇ ತರಗತಿಯ ಗಣಿತ ಬಾರದವನು ಎಷ್ಟು ವೇಗವಾಗಿ ಓಡಿ ಏನು ಪ್ರಯೋಜನ? ಇನ್ನೊಂದು, ವೈದ್ಯಕೀಯ ಪರೀಕ್ಷೆ. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಬಣ್ಣ ಗುರುತಿಸುವಲ್ಲಿ ತೊಂದರೆ ಇದ್ದರೆ ಅಲ್ಲೇ ಹಿಂದೆ ಕಳಿಸುತ್ತಾರೆ. ಇದನ್ನು ಒಂದು ವರ್ಷ ಬೆವರು ಸುರಿಸಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ಊರಿನ ಡಾಕ್ಟರ್ ಹತ್ತಿರ ತೋರಿಸಿ ತಿಳಿದುಕೊಳ್ಳುವುದು ಒಳ್ಳೆಯದು.

ಭಾರ ಹೊತ್ತು ಅಭ್ಯಾಸ ಮಾಡಲೇಬೇಕು ಎನ್ನುವ ಹುಡುಗನಿಗೆ ನಾಲ್ಕು ಮಾತು. ಮೊದಲ ಮೂರು ತಿಂಗಳು ಭಾರವಿಲ್ಲದೆ ಓಡಿ, ದಂಡ, ಬಸ್ಕಿ, ಪುಲ್ ಅಪ್ ಮಾಡಿ ಮೈ ಗಟ್ಟಿ ಮಾಡಿಕೊಳ್ಳಿ. ಮತ್ತೆ ದೇಹತೂಕದ ಹತ್ತನೇ ಒಂದು ಭಾಗದಿಂದ ಶುರು ಮಾಡಿ, 60 ಕಿಲೋದವನಿಗೆ 6 ಕಿಲೋ. ವಾರಕ್ಕೆ ಒಂದು ದಿನ ಸಾಕು, ಅದೂ ನಡಿಗೆ, ಓಟ ಬೇಡ. ಭಾರವನ್ನೂ ದೂರವನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತದೆಂದಾದರೆ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಣ್ಣೆ ತಿಕ್ಕಿ ಮರುದಿನ ಓಡುವುದು ಬೇಡ.

ಮನೆಯವರಿಗೂ ಒಂದು ಮಾತು. ಉಮ್ಮಂದಿರೇ, ಮಗ ಬೆಳಗ್ಗೆ ಬರೇ ಚಾ ಕುಡಿದು ಓಡಲು ಹೋಗುತ್ತಿದ್ದರೆ ಕೇಳಿ. ಮೊಟ್ಟೆ, ಹಾಲು, ಗಂಜಿಯ ಜೊತೆ ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಬೂತಾಯಿ, ಇವು ಅಂಗಡಿಯ ಪೌಡರ್ ಡಬ್ಬಿಗಿಂತ ಅಗ್ಗ, ಮೂಳೆಗೂ ಒಳ್ಳೆಯದು. ಬಾಪಂದಿರೇ, ಮೊಬೈಲಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಒಂದು ಜೊತೆ ಒಳ್ಳೆಯ ಓಟದ ಶೂ ತೆಗೆಸಿಕೊಡಿ. ಜಮಾಅತ್‌ನವರು, ಯುವಕ ಸಂಘದವರು ಕ್ರಿಕೆಟ್ ಟೂರ್ನಮೆಂಟಿನ ಟ್ರೋಫಿಗೆ ಮಾಡುವ ಖರ್ಚಿನಲ್ಲಿ ಒಂದು ಪಾಲು ತೆಗೆದರೆ ಮೈದಾನದ ಮೂಲೆಯಲ್ಲಿ ಪುಲ್ ಅಪ್ ಕಂಬಿ ನೆಡಬಹುದು, ಸಂಜೆ ಮದ್ರಸದ ಕೋಣೆಯಲ್ಲಿ ಗಣಿತದ ಕ್ಲಾಸ್ ನಡೆಸಬಹುದು. ಊರಲ್ಲಿ ನಿವೃತ್ತ ಸೈನಿಕರು ಯಾರೇ ಇರಲಿ, ಯಾವ ಜಾತಿ ಧರ್ಮದವರೇ ಆಗಲಿ, ಕರೆದರೆ ಬಂದು ಹೇಳಿಕೊಡುತ್ತಾರೆ. ಮಂಗಳೂರಿನಲ್ಲೇ ಸೇನಾ ನೇಮಕಾತಿ ಕಚೇರಿ ಇದೆ, ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ವಾಟ್ಸ್ಆ್ಯಪ್ ನಂಬದೆ ಅಲ್ಲಿಂದಲೇ ಕೇಳಿ ತಿಳಿಯಿರಿ.

ಹುಡುಗರ ಹುಮ್ಮಸ್ಸು ಒಳ್ಳೆಯದೇ. ಅದಕ್ಕೆ ದಾರಿ ತೋರಿಸುವ ಕೆಲಸ ದೊಡ್ಡವರದ್ದು. ನಾಳೆ ಬೆಳಗ್ಗೆ ಆ ಬ್ಯಾಗಿನಿಂದ ಇಟ್ಟಿಗೆ ತೆಗೆಸಿ, ಹತ್ತನೇ ತರಗತಿಯ ಗಣಿತ ಪುಸ್ತಕ ಹಾಕಿಸಿ.