ಸಂಬಳ ಮುರಿದುಕೊಂಡರೆ ದಾವೆ ಯಾವ ಕೋರ್ಟಿಗೆ?

ಅಮೆರಿಕದಲ್ಲಿ ಸಂಬಳದಿಂದ ಹಣ ಮುರಿದುಕೊಳ್ಳುವುದಕ್ಕೆ ಕಡಿವಾಣ ಹಾಕುವುದು ಮುಖ್ಯವಾಗಿ ಆಯಾ ರಾಜ್ಯದ ಕಾನೂನು. ನ್ಯೂಯಾರ್ಕ್ ಕಾರ್ಮಿಕ ಕಾನೂನಿನ 193ನೇ ಕಲಂ, ಕ್ಯಾಲಿಫೋರ್ನಿಯಾದ 221ನೇ ಕಲಂ ಇರುವುದೇ ಇದಕ್ಕೆ. 1938ರ ಫೆಡರಲ್ ಕಾಯ್ದೆ ನೋಡುವುದು ಕನಿಷ್ಠ ವೇತನವನ್ನೂ ಓವರ್‌ಟೈಮನ್ನೂ. ಕಡಿತದ ನಂತರವೂ ಕೈಗೆ ಬರುವ ಹಣ ಆ ಮಟ್ಟಕ್ಕಿಂತ ಮೇಲಿದ್ದರೆ ಅದು ಸಾಮಾನ್ಯವಾಗಿ ತಲೆಹಾಕುವುದಿಲ್ಲ. ಸಾಫ್ಟ್‌ವೇರ್ ನೌಕರರಿಗೆ ಇಲ್ಲಿ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ವೀಸಾ ಫೆಡರಲ್ ಸರ್ಕಾರದ್ದು, ಆದ್ದರಿಂದ ಕೋರ್ಟೂ ಫೆಡರಲ್ಲೇ ಎಂಬ ಲೆಕ್ಕಾಚಾರ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ಕೇಳಿಬರುವುದುಂಟು. ಅದು ತಪ್ಪು. ಫಿರ್ಯಾದಿಯ ಹಕ್ಕಿನ ಬುಡದಲ್ಲೇ ಫೆಡರಲ್ ಕಾನೂನು ಇರಬೇಕು, ಪ್ರತಿವಾದಿ ತನ್ನ ಉತ್ತರದಲ್ಲಿ ಅದನ್ನು ಎತ್ತಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 1908ರ ಮಾಟ್ಲಿ ಪ್ರಕರಣದಲ್ಲೇ ಹೇಳಿದೆ. ಎಚ್-1ಬಿ ಕೆಲಸದ ವೀಸಾ ಅರ್ಜಿಯ ಶುಲ್ಕವನ್ನೂ ಅದರ ವಕೀಲರ ಫೀಯನ್ನೂ ನೌಕರರ ತಲೆಗೆ ಕಟ್ಟಬಾರದೆಂಬ ಫೆಡರಲ್ ನಿಯಮವೇನೋ ಇದೆ. ಆದರೆ ಅದನ್ನು ಮುರಿದರೆ ದೂರು ಹೋಗಬೇಕಾದದ್ದು ಕೇಂದ್ರ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ, ಅದೂ 12 ತಿಂಗಳೊಳಗೆ. ಆ ನಿಯಮವನ್ನೇ ಹಿಡಿದು ನೌಕರರು ನೇರವಾಗಿ ದಾವೆ ಹೂಡುವಂತಿಲ್ಲವೆಂದು ಹಲವು ಕೋರ್ಟುಗಳು ತೀರ್ಪಿತ್ತಿವೆ. ಪೇ ಸ್ಟಬ್ಬಿನ ‘ಇತರೆ’ ಸಾಲಿನಲ್ಲಿ ಪ್ರತಿ ಸಲ ಇನ್ನೂರು ಡಾಲರ್ ಕರಗುತ್ತಿದ್ದರೂ ವೀಸಾ ಎಲ್ಲಿ ಕೈತಪ್ಪುವುದೋ ಎಂದು ಬಾಯಿ ಬಿಡದವರಿಗೆ ಈ ಗಡುವು ಗೊತ್ತಾಗುವುದು ಅದು ದಾಟಿದ ಮೇಲೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ಕಾನೂನು ನಿಷೇಧಿಸಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ರಾಜ್ಯದ ಕಾನೂನಿನ ದಾವೆ ಫೆಡರಲ್ ಕೋರ್ಟಿಗೆ ಹೋಗುವ ಒಂದು ದಾರಿ ಪಕ್ಷಗಾರರ ಪೌರತ್ವದ ಭೇದ, ಅಂದರೆ ಇಬ್ಬರೂ ಬೇರೆ ಬೇರೆ ರಾಜ್ಯ ಅಥವಾ ದೇಶದವರಾಗಿರುವುದು. ವ್ಯಾಜ್ಯದ ಮೊತ್ತ 75,000 ಡಾಲರ್ ಮೀರಿರಬೇಕು. ಇಲ್ಲಿಯದು ವಿಚಿತ್ರ: ನ್ಯೂಜೆರ್ಸಿಯಲ್ಲಿ ಎಚ್-1ಬಿ ಮೇಲಿರುವ ಭಾರತೀಯ ಪ್ರಜೆ ನ್ಯೂಜೆರ್ಸಿಯದೇ ಕಂಪನಿಯ ವಿರುದ್ಧ ಫೆಡರಲ್ ಕೋರ್ಟಿಗೆ ಹೋಗಬಹುದು, ಗ್ರೀನ್ ಕಾರ್ಡ್ ಬಂದು ಅಲ್ಲೇ ನೆಲೆಸಿದ ಮೇಲೆ ಹೂಡುವ ದಾವೆಗೆ ಆ ದಾರಿಯಿಲ್ಲ. ದಾವೆ ರಾಜ್ಯದ ಕೋರ್ಟಿನಲ್ಲೇ ಶುರುವಾಗಿದ್ದರೆ, ಅದೇ ರಾಜ್ಯದ ಕಂಪನಿ ಪೌರತ್ವದ ಭೇದವೊಂದನ್ನೇ ಮುಂದಿಟ್ಟು ಅದನ್ನು ಫೆಡರಲ್ ಕೋರ್ಟಿಗೆ ಎಳೆದೊಯ್ಯುವಂತಿಲ್ಲ. ಅಷ್ಟಕ್ಕೂ ವೀಸಾ ಶುಲ್ಕವೆಂದು ಮುರಿದುಕೊಂಡದ್ದು ಕೆಲವು ಸಾವಿರ ಡಾಲರ್ ಮಾತ್ರವಾಗಿದ್ದರೆ ಅದು 75,000ದ ಹತ್ತಿರಕ್ಕೂ ಸುಳಿಯುವುದಿಲ್ಲ.

ನೂರು ಅಥವಾ ಹೆಚ್ಚು ನೌಕರರ ಸಾಮೂಹಿಕ ದಾವೆಗೆ 2005ರ ಕಾಯ್ದೆ ಬೇರೆ ಅಳತೆ ಇಟ್ಟಿದೆ: ಎಲ್ಲರ ಬಾಕಿ ಸೇರಿ 50 ಲಕ್ಷ ಡಾಲರ್ ದಾಟಬೇಕು. ಯೂನಿಯನ್ ಇರುವ ಕಡೆ, ವೇತನ ಒಪ್ಪಂದದ ಅರ್ಥ ಬಿಡಿಸದೆ ತೀರ್ಪು ಕೊಡಲಾಗದಿದ್ದರೆ ಮಾತ್ರ ಫೆಡರಲ್ ಕಾನೂನು ಮೇಲುಗೈ ಪಡೆಯುತ್ತದೆಂದು 1988ರ ಲಿಂಗಲ್ ತೀರ್ಪು ಹೇಳುತ್ತದೆ.

ಇನ್ನುಳಿದದ್ದು ಜೊತೆಗೂಡಿಸುವ ದಾರಿ. ಓವರ್‌ಟೈಮಿನ ಫೆಡರಲ್ ದಾವೆಯೊಂದಿಗೆ, ಅದೇ ಘಟನೆಗಳಿಂದ ಹುಟ್ಟಿದ ಕಡಿತದ ದಾವೆಯನ್ನೂ ಹೂಡಬಹುದು. ಆದರೆ ಫಿರ್ಯಾದಿ ವಾದಪತ್ರವನ್ನು ತಿದ್ದಿ ಫೆಡರಲ್ ಅಂಶವನ್ನು ಕೈಬಿಟ್ಟರೆ ಉಳಿದದ್ದನ್ನು ವಿಚಾರಿಸುವ ಅಧಿಕಾರ ಫೆಡರಲ್ ಕೋರ್ಟಿಗೆ ಇರುವುದಿಲ್ಲವೆಂದು 2025ರ ಜನವರಿಯಲ್ಲಿ ರಾಯಲ್ ಕ್ಯಾನಿನ್ ಪ್ರಕರಣದಲ್ಲಿ ತೀರ್ಮಾನವಾಯಿತು. ಕಂಪನಿಯೇ ಎಳೆತಂದ ದಾವೆಯಾಗಿದ್ದರೆ ಅದು ರಾಜ್ಯದ ಕೋರ್ಟಿಗೆ ಮರಳುತ್ತದೆ.