ಬಹುಮಾನ ಕೊಟ್ಟು ಕಪಾಟಿಗೆ ಸೇರಿಸಿದ ಚಿತ್ರ

ಕಳೆದ ವರ್ಷ ನಮ್ಮ ಸಂಘದ ಯುವಜನ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ‘ನನ್ನ ನಗರ ಹೀಗಿರಲಿ’ ಎಂಬುದು ವಿಷಯ. ಹೆಚ್ಚಿನವರು ಮೇಲ್ಸೇತುವೆಗಳನ್ನೂ ಗಾಜಿನ ಗೋಪುರಗಳನ್ನೂ ಬರೆದಿದ್ದರು. ನೆರೂಳಿನ ವಿದ್ಯಾರ್ಥಿನಿಯೊಬ್ಬಳು ಮಾತ್ರ ರೈಲು ನಿಲ್ದಾಣದಿಂದ ತನ್ನ ಮನೆಯವರೆಗಿನ ಫುಟ್‌ಪಾತನ್ನಷ್ಟೇ ಬರೆದು, ಅದು ಎಲ್ಲೆಲ್ಲಿ ತುಂಡಾಗುತ್ತದೆ, ತನ್ನ ಅಜ್ಜಿ ಎಲ್ಲಿ ರಸ್ತೆಗಿಳಿಯಬೇಕಾಗುತ್ತದೆ ಎಂಬುದನ್ನು ಗುರುತಿಸಿದ್ದಳು. ಮೊದಲ ಬಹುಮಾನ ಅವಳದೇ. ಪ್ರಶಸ್ತಿಪತ್ರ ಕೈಗಿತ್ತಾಗ ಕೇಳಿದಳು: “ಅಂಕಲ್, ಇದನ್ನು ಈಗ ಯಾರಿಗೆ ಕೊಡಬೇಕು?” ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳನ್ನು ಮೇಜಿನಿಂದ ಮೇಜಿಗೆ ಸಾಗಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರ ಸಂಘದ ಕಪಾಟು ಸೇರಿತು.

ಅವಳು ಹುಟ್ಟಿ ಬೆಳೆದ ನವಿ ಮುಂಬಯಿಯೇ ಮೂಲತಃ ಕಿರಿಯರ ಕಲ್ಪನೆಯ ಕೂಸು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಖಾರಿಯ ಆಚೆ ಹೊಸ ನಗರವೊಂದನ್ನು ಕಟ್ಟುವ ಪ್ರಸ್ತಾಪವನ್ನು ಮುಂದಿಟ್ಟಾಗ ಕೊರಿಯಾ ಅವರಿಗೆ ಮೂವತ್ತೈದರ ಆಸುಪಾಸು. ಪಟೇಲರು ಅವರಿಗಿಂತಲೂ ಚಿಕ್ಕವರು. ಕಿರಿಯರಿಗೆ ಹಣದ ಲೆಕ್ಕ ತಿಳಿಯದೆಂದು ಹಿರಿಯರು ಗೊಣಗುವುದುಂಟು. ಇವರು ಅದನ್ನೂ ಯೋಚಿಸಿದ್ದರು: ಸರ್ಕಾರವೇ ಭೂಮಿಯನ್ನು ಕೊಂಡು, ಅಭಿವೃದ್ಧಿಪಡಿಸಿ ಮಾರಿದರೆ ಬರುವ ಲಾಭದಿಂದ ನೀರು, ರಸ್ತೆ, ಸಾರಿಗೆ. ಆದರೆ ಅವರ ಕಲ್ಪನೆಯ ತಿರುಳು ಮನೆಗಳಲ್ಲ, ಉದ್ಯೋಗ. ಆಡಳಿತವೇ ಆಚೆ ದಡಕ್ಕೆ ಹೋದರೆ ಜನರು ತಾವಾಗಿಯೇ ಹಿಂಬಾಲಿಸುವರೆಂಬ ಎಣಿಕೆ.

1970ರಲ್ಲಿ ಸರ್ಕಾರ ಯೋಜನೆಯನ್ನು ಒಪ್ಪಿ ಸಿಡ್ಕೊ ಸ್ಥಾಪಿಸಿತು. ಒಪ್ಪಿದ್ದು ಅರ್ಧವನ್ನು ಮಾತ್ರ. ಈರುಳ್ಳಿ-ಆಲೂಗಡ್ಡೆಯ ಸಗಟು ಮಾರುಕಟ್ಟೆ ವಾಶಿಗೆ ಬಂತು, ಮಂತ್ರಾಲಯ ಬರಲಿಲ್ಲ! ಅತ್ತ ಸಮುದ್ರ ತುಂಬಿಸಿದ ನರೀಮನ್ ಪಾಯಿಂಟಿನಲ್ಲಿ ಕಚೇರಿಗಳು ಏಳುತ್ತಲೇ ಇದ್ದವು. ಮುಂಬಯಿಯಿಂದ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಅಷ್ಟರಲ್ಲಿ ಅಲ್ಲಿ ಮನೆ ಮಾಡಿದ್ದ ನಮ್ಮವರು ಬಸ್ಸಿನಲ್ಲಿ ಜೋತುಬಿದ್ದು ಖಾರಿ ದಾಟುತ್ತಲೇ ಅರ್ಧ ಆಯುಷ್ಯ ಸವೆಸಿದರು.

ಕಿರಿಯರ ಯೋಚನೆಯನ್ನು ತಿರಸ್ಕರಿಸುವುದಕ್ಕಿಂತ, ಅದರಲ್ಲಿ ನಮಗೆ ಇರುಸುಮುರುಸು ಉಂಟುಮಾಡುವ ಭಾಗವನ್ನು ಕತ್ತರಿಸಿ ಉಳಿದುದನ್ನು ಹೊಗಳುವುದು ಹೆಚ್ಚು ಕೆಟ್ಟದ್ದೆಂದು ನನಗನಿಸುತ್ತದೆ. ಬಹುಮಾನ ಕೊಟ್ಟು ನಾನು ಮಾಡಿದ್ದೂ ಅದನ್ನೇ.

‘ನಾವು ಹೊರನಾಡಿಗರು, ಈ ಊರಿನ ಉಸಾಬರಿ ನಮಗೇಕೆ’ ಎಂಬ ಸಂಕೋಚ ನಮ್ಮ ತಲೆಮಾರಿನದು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಅದಿಲ್ಲ. ನಗರದ ಕರಡು ಯೋಜನೆ ಪ್ರಕಟವಾದಾಗ ಯಾರು ಬೇಕಾದರೂ ಸಲಹೆ, ಆಕ್ಷೇಪ ಸಲ್ಲಿಸಲು ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯ್ದೆಯಲ್ಲೇ ಅವಕಾಶವಿದೆ. ಅದು ಬರಿಯ ಕಾಗದದ ಹಕ್ಕಲ್ಲ. ಮುಂಬಯಿಯ 2034ರ ಕರಡು 2015ರ ಫೆಬ್ರವರಿಯಲ್ಲಿ ಹೊರಬಂದಾಗ ನಾಗರಿಕರು ಅದರ ತಪ್ಪುಗಳನ್ನು ಎತ್ತಿ ತೋರಿಸಿದರು. ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಹೊಸದಾಗಿ ಸಿದ್ಧಪಡಿಸುವಂತೆ ಆದೇಶಿಸಬೇಕಾಯಿತು. ಇಂತಹ ಅರ್ಜಿಯನ್ನು ಬರೆಯುವುದು ಹೇಗೆ, ನಕ್ಷೆಯನ್ನು ಓದುವುದು ಹೇಗೆ ಎಂಬುದನ್ನು ಹೇಳಿಕೊಡಲು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಸಂಘ ಮೀಸಲಿಡಬಾರದೇ? ನಿವೃತ್ತ ಇಂಜಿನಿಯರುಗಳಿಗಂತೂ ನಮ್ಮಲ್ಲಿ ಬರವಿಲ್ಲ.

ಆ ಚಿತ್ರವನ್ನು ಕಪಾಟಿನಿಂದ ತೆಗೆಸಿದ್ದೇನೆ. ಅಳತೆಗಳು ಎರಡು ಕಡೆ ತಪ್ಪಿವೆಯೆಂದು ಅವಳೇ ಹೇಳುತ್ತಾಳೆ. ಬರುವ ಭಾನುವಾರ ಬೆಳಗ್ಗೆ ನಾವಿಬ್ಬರೂ ಟೇಪು ಹಿಡಿದು ನೆರೂಳು ನಿಲ್ದಾಣದಿಂದ ಹೊರಡಲಿದ್ದೇವೆ, ಅಜ್ಜಿಯೂ ಬರುತ್ತಾರಂತೆ.